ಹದಿನಾರು ಮನೆ

ದುರ್ಗಿಗುಡಿಯಲ್ಲಿ, ಕನ್ನಡಕದಂಗಡಿಯ ಮಹಡಿ ಮೇಲೆ
ನಾನು ಚೌಕ ಬರೆಯುತ್ತೇನೆ.
ಒಂದು ಸಾಲಿಗೆ ಹದಿನಾರು.
ಮುಟ್ಟಿದರೆ ಕಿತ್ತಳೆ, ಮುಟ್ಟದಿದ್ದರೆ ಬೂದು.
ಎಡದಿಂದ ಬಲಕ್ಕೆ ಒಂದು ಬೆಳಕಿನ ಗೀಟು,
ಕಿತ್ತಳೆ ಸಿಕ್ಕಲ್ಲಿ ಡ್ರಮ್ಮು, ಬೂದು ಸಿಕ್ಕಲ್ಲಿ ಏನಿಲ್ಲ,
ಅಂಚು ತಗುಲಿದ ಕೂಡಲೇ ಮತ್ತೆ ಮೊದಲಿಗೆ.
ಇಷ್ಟೇ. ಇಷ್ಟಕ್ಕೆ ಎಂಟು ತಿಂಗಳು.

ಬೂದು ಎಷ್ಟು ಬೂದು ಎಂದೇ ಮೂರು ವಾರ ಜಗಳ.
ಖಾಲಿ ಇದ್ದದ್ದು ಕಾಣಲೇಬಾರದು ಅನ್ನುತ್ತಾನೆ ವಿಖಾರ್,
ಕಣ್ಣಿಗೆ ಯಾಕೆ ಸುಮ್ಮನೆ ಕೆಲಸ?
ನಾನೂ ಒಪ್ಪಿದ್ದೆ.

ಪರೀಕ್ಷೆಗೆ ಬಂದವರು ಇನ್ನಾಸಪ್ಪ.
ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಐವತ್ತೊಂದು ವರ್ಷ ಸೈಡ್ ಡ್ರಮ್,
ಕತ್ತಿನ ಸುತ್ತ ಇನ್ನೂ ಪಟ್ಟಿ ಉಜ್ಜಿದ ಕಲೆ.
ಕುರ್ಚಿ ಬೇಡವೆಂದರು, ನಿಂತೇ ಬಾರಿಸಿ ರೂಢಿ.
ತೋರುಬೆರಳಿಟ್ಟರು. ಗಾಜಿಗೆ ಗೊತ್ತಾಗಲಿಲ್ಲ.
ನಡುಬೆರಳು. ಇಲ್ಲ.
ಹೆಬ್ಬೆರಳು ಎರಡು ಚೌಕ ಒಟ್ಟಿಗೆ ಮುಚ್ಚಿತು, ಒಂದೂ ಹೊತ್ತಿಕೊಳ್ಳಲಿಲ್ಲ.
ಕೋಲು ಹಿಡಿದ ಜಾಗವೆಲ್ಲ ದಡ್ಡುಗಟ್ಟಿ
ಒಳಗಿನ ಮನುಷ್ಯ ಹೊರಗೆ ದಾಟುವುದಿಲ್ಲ.
ಕೊನೆಗೆ ಎಡಗೈ ಕಿರುಬೆರಳು.
ಮುಟ್ಟಿದ್ದೇ ತಡ, ಕಿತ್ತಳೆ.
'ಇಷ್ಟು ವರ್ಷದಲ್ಲಿ ಒಂದು ದಿನವೂ ದುಡಿಯದವನು
ಇವನೊಬ್ಬ ಕಣಮ್ಮ,' ನಕ್ಕರು,
'ನಿನ್ನ ಮಿಷಿನ್ನಿಗೆ ಇವನೇ ಬೇಕಾಯ್ತು ನೋಡು.'

ಚೌಕಕ್ಕೆ ನಾನು ಸ್ಟೆಪ್ ಎಂದು ಹೆಸರಿಟ್ಟಿದ್ದೆ.
ಅವರು ಮನೆ ಅಂದರು, ಚೌಕಾಬಾರ ಆಡುವವರ ಹಾಗೆ:
ಮೊದಲ ಮನೆಗೊಂದು, ಏಳನೆಯದಕ್ಕೊಂದು,
ಹನ್ನೊಂದು... ಇರು, ಅದು ಮನೆಯೊಳಗಲ್ಲ,
ಹೊಸಿಲ ಮೇಲೆ.
ಹೊಸಿಲಿಗೆ ನನ್ನಲ್ಲಿ ಜಾಗವಿರಲಿಲ್ಲ.
ಆಮೇಲೆ ಮಾಡಿದೆ, ಎಳೆದರೆ ಕೂದಲಷ್ಟು ಜರುಗುವ ಹಾಗೆ.
ಆಗ ಮಾತ್ರ ತಲೆ ತಗ್ಗಿಸಿ ಚೀಟಿಯಲ್ಲಿ ಬರೆದುಕೊಂಡೆ.

ಮೂಲೆಯಲ್ಲಿದ್ದ ಮ್ಯೂಟ್ ಒತ್ತಿದರು.
ಸದ್ದು ನಿಂತಿತು, ಸಾಲು ಕಪ್ಪಾಯಿತು, ಗೀಟೂ ಮಾಯ,
ಅಚ್ಚುಕಟ್ಟಾಗಿ, ನಾವು ಬಯಸಿದ ಹಾಗೆಯೇ.
ಇನ್ನಾಸಪ್ಪ ಬೆಚ್ಚಿದರು. 'ಎಲ್ಲಿ ಹೋದ?'
ಯಾರು?
'ನಡೀತಿದ್ನಲ್ಲ, ಅವನು.'

ಮೆರವಣಿಗೆ ದೊಡ್ಡಾಸ್ಪತ್ರೆ ಮುಂದೆ ಬರುತ್ತದಂತೆ.
ಕಾಂಪೌಂಡು ಶುರುವಾದಲ್ಲಿ ಮೇಸ್ತ್ರಿಯ ಕೈ ಮೇಲೆ, ಬ್ಯಾಂಡು ಬಂದ್.
ಕುದುರೆ ಮೇಲಿನ ಮದುಮಗ, ತಲೆ ಮೇಲೆ ಟ್ಯೂಬ್‌ಲೈಟ್ ಹೊತ್ತ ಹೆಂಗಸರು,
ಹಿಂದೆ ಗೊರಗುಡುವ ಜನರೇಟರ್ ಗಾಡಿ.
ಇಪ್ಪತ್ತೆರಡು ಜನ ಬರೀ ಕಾಲಿನಲ್ಲಿ ಎಣಿಸುತ್ತಾರೆ.
ಕೊನೆಯ ಕಂಬದ ಹತ್ತಿರ ಯಾರೂ ಸನ್ನೆ ಮಾಡುವುದಿಲ್ಲ,
ಎಲ್ಲರ ಏಟೂ ಒಟ್ಟಿಗೆ ಬೀಳುತ್ತದೆ.
'ಬಾರಿಸೋದು ಯಾರು ಬೇಕಾದ್ರೂ ಕಲೀತಾರೆ.
ಆ ಗೋಡೆಯುದ್ದ ಬಾರಿಸದೆ ಇರೋದಿದೆಯಲ್ಲ,
ಅದಕ್ಕೆ ನನಗೆ ಒಂಬತ್ತು ವರ್ಷ ಹಿಡೀತು.'

ಒಮ್ಮೆ ಟ್ರಂಪೆಟ್ಟಿನ ಹುಡುಗ ಲೆಕ್ಕ ತಪ್ಪಿ
ಗೋಡೆಯ ನಡುವೆಯೇ ಊದಿಬಿಟ್ಟನಂತೆ, ಒಂದೇ ಸ್ವರ.
ಎರಡನೇ ಮಹಡಿಯ ಕಿಟಕಿಗೆ ಒಬ್ಬ ಹೆಂಗಸು ಬಂದಳು.
ಬೈಯಲಿಲ್ಲ.
ಇನ್ನೊಂದು ಬರುತ್ತದೇನೋ ಎಂದು ನಿಂತೇ ಇದ್ದಳು.

ನಡೆ ಅಂದರೆ ಕಾಲಿನದೂ ಹೌದು, ತಾಳದ್ದೂ ಹೌದು.
ನನಗೆ ಗೊತ್ತಿದ್ದ ಮಾತೇ. ಗುಂಡಿಗೆ ಗೊತ್ತಿರಲಿಲ್ಲ.

ಆ ರಾತ್ರಿ ಮೂರು ಸಾಲು ಕೋಡ್ ಅಳಿಸಿದೆ.
ಈಗ ಮ್ಯೂಟ್ ಒತ್ತಿದರೆ ಸದ್ದಷ್ಟೇ ನಿಲ್ಲುತ್ತದೆ.
ಬೂದು ಒಂದು ಚಿಟಿಕೆ ತಿಳಿಯಾಗಿದೆ,
ಖಾಲಿ ಮನೆಗೂ ಬಾಗಿಲಿದೆ ಎನ್ನುವಷ್ಟು,
ಗೀಟು ಒಂದೊಂದರ ಮುಂದೂ ಹಾದು ಹೋಗುತ್ತದೆ.

ಕೆಟ್ಟಿದೆ ಅಂದುಕೊಂಡರೆ ಜನ? ವಿಖಾರ್ ಕೇಳಿದ.
ಅಂದುಕೊಳ್ಳಲಿ ಎಂದೆ.
ಚೌಕ ದೊಡ್ಡದು ಮಾಡುವುದು ಇನ್ನೂ ಬಾಕಿ,
ಅಲ್ಲಿಯವರೆಗೆ ಇನ್ನಾಸಪ್ಪನವರಿಗೆ ಆ ಸೋಮಾರಿ ಬೆರಳೇ ಗತಿ.

ದೀಪ ಆರಿಸಿ ಇಬ್ಬರೂ ನೋಡುತ್ತ ಕೂತೆವು.
ಸದ್ದಿಲ್ಲ. ಅವನು ನಡೆಯುತ್ತಿದ್ದ.
ಕೆಳಗೆ ಅಂಗಡಿಯ ಶಟರ್ ಬಿತ್ತು,
ಹನ್ನೊಂದರ ಹೊಸಿಲಿನ ಹತ್ತಿರ
ಎಲ್ಲೋ.