ಐವತ್ತೈದು

ಸೆವರ್ನ್ ಹೊಳೆ ಆ ಮಂಗಳವಾರ ಬೆಳಿಗ್ಗೆ
ಹಾಲು ಕಮ್ಮಿಯಾದ ಚಹಾದ ಬಣ್ಣದಲ್ಲಿ
ತನ್ನ ಪಾಡಿಗೆ ತಾನು ಹರಿಯುತ್ತಿತ್ತು.
ವೂಸ್ಟರಿನ ನಮ್ಮ ಕಚೇರಿಯಲ್ಲಿ, ಮೂರನೇ ಮಹಡಿ,
ಐದು ಜನ, ಒಂದು ಹೀಟರು, ಯಾರೂ ಮುಟ್ಟದ ಟೋಸ್ಟು.
ಪರದೆಯ ಮೇಲೆ ಇಪ್ಪತ್ತನಾಲ್ಕು ಗೆರೆ,
ಇಪ್ಪತ್ತನಾಲ್ಕು ನಾಳೆಗಳು.
ಕೆಲವು ಬ್ಯೂಡ್ಲಿ ಸೇತುವೆಯಡಿ ತಲೆ ತಗ್ಗಿಸಿ ನುಸುಳುತ್ತವೆ,
ಕೆಲವು ದಂಡೆ ಹತ್ತಿ
ಟಾಲಿಯ ಮೀನಂಗಡಿಯ ಬಾಗಿಲು ತಟ್ಟುತ್ತವೆ.

ಲಾರಿ ಒಂದೇ.
ಅಲ್ಯೂಮಿನಿಯಂ ಹಲಗೆ, ಕಂಬ, ರಬ್ಬರು ಪಟ್ಟಿ, ಎಂಟು ಆಳು.
ಊರು ಎರಡು.
ಮೇಲೆ ಬ್ಯೂಡ್ಲಿ, ಅಂಗಡಿ ಸಾಲು, ಇನ್ನೂರು ಮನೆ.
ಕೆಳಗೆ ಗೂಸ್‌ಹ್ಯಾಮ್, ಹುಲ್ಲುಗಾವಲಲ್ಲಿ ನಲವತ್ತು ಕ್ಯಾರವಾನು.
ಗೋಡೆ ಕಟ್ಟಲು ಆರು ತಾಸು.
ನೀರು ಬರಲು, ಬಂದರೆ, ಒಂಬತ್ತು.

ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ
ಅಂತ ಒಮ್ಮೆ ಗ್ಲೆನಿಸ್‌ಗೆ ಹೇಳಿದ್ದೆ.
ಅಂದಿನಿಂದ ಅವಳು, ‘ಣ’ದಲ್ಲಿ ಎಡವುತ್ತಲೇ,
ತನ್ನನ್ನು ದೊಣ್ಣೆನಾಯಕಿ ಎಂದೇ ಕರೆದುಕೊಳ್ಳುತ್ತಾಳೆ.
ಅವಳದೊಂದು ನೇಮ:
ಮಾತಿಗೆ ಮೊದಲು ಬರೆಯಿರಿ. ಪಕ್ಕದ ಚೀಟಿ ನೋಡಬೇಡಿ.
ಬ್ಯೂಡ್ಲಿಗೆ ನೀರು ಬರುವುದು ನೂರಕ್ಕೆ ಎಷ್ಟು?
ಯಾಕೆಂದರೆ ಒಬ್ಬರು ಕೆಮ್ಮಿದರೆ
ಎಲ್ಲರಿಗೂ ಗಂಟಲು ಕೆರೆಯುವ ಕೋಣೆ ಅದು.

ಹೋದ ಚಳಿಗಾಲ ಗೋಡೆ ಕಟ್ಟಿದೆವು, ನೀರು ಬರಲಿಲ್ಲ.
ಶನಿವಾರದ ವ್ಯಾಪಾರ ಮುಳುಗಿತೆಂದು
ಟಾಲಿ ಎರಡು ಹಾಳೆ ಬರೆದ.
ಅದರ ಹಿಂದಿನ ಸಲ ಕಟ್ಟಲಿಲ್ಲ.
ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದೆವು.
ಆ ಎರಡು ಚಳಿಗಾಲವೂ ಅಂದು
ಕುರ್ಚಿ ಎಳೆದುಕೊಂಡು ನಮ್ಮ ನಡುವೆ ಕೂತಿದ್ದವು.

ನಾನು ಬರೆದದ್ದು ಐವತ್ತೈದು.
ನೋಡಿದೆ. ಇದೆಂಥ ಸಂಖ್ಯೆ,
ಹೂಂ ಅನ್ನದು, ಉಹೂಂ ಅನ್ನದು.
ಹದಿನಾಲ್ಕು ವರ್ಷ ನದಿ ಓದಿದವಳು
ಕೊಡುವ ಉತ್ತರವೇ ಇದು?
ಹೊಡೆದು ಅರವತ್ತು ಮಾಡಿದೆ.
ಆ ಐದನ್ನು ಯಾವ ಮಳೆಮಾಪಕವೂ ನನಗೆ ಕೊಟ್ಟಿರಲಿಲ್ಲ.

ಚೀಟಿ ಬಿಚ್ಚಿದಳು. ಡರ್ಮಟ್ ನಲವತ್ತು. ಶಗುಫ್ತಾ ಎಪ್ಪತ್ತು.
ಹೌವೆಲ್: ‘ಗೊತ್ತಿಲ್ಲ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.’
ಹಿಡಿಯಲಿಲ್ಲ. ಅದಕ್ಕೆ ಕಾಲಮ್ಮು ಇರಲಿಲ್ಲ.
ಗ್ಲೆನಿಸ್ ಐವತ್ತು. ನಾನು ಅರವತ್ತು.
ಕೂಡಿ ನಾಲ್ಕರಿಂದ ಭಾಗಿಸಿದಳು:
ಐವತ್ತೈದು.
ಬ್ಯೂಡ್ಲಿಗೆ ಲಾರಿ ಹೊರಡಲು
ಕೈಪಿಡಿಯಲ್ಲಿ ಬರೆದಿಟ್ಟ ಗೆರೆಯೂ ಅದೇ, ಐವತ್ತೈದು.
ಒಂದು ಕೂದಲು ಕಮ್ಮಿಯಾದರೂ ಗೂಸ್‌ಹ್ಯಾಮ್.
ಹನ್ನೊಂದು ನಲವತ್ತಕ್ಕೆ ಸಹಿ ಬಿತ್ತು.

ಬ್ಯೂಡ್ಲಿಯಲ್ಲಿ ನೀರು
ಹಲಗೆಗೆ ಒಂದು ಗೇಣು ಕೆಳಗೆ ನಿಂತು
ಇಳಿದು ಹೋಯಿತು.
ಗೂಸ್‌ಹ್ಯಾಮಿನಲ್ಲಿ ರಾತ್ರಿ ಮೂರಕ್ಕೆ
ತೊರೆ ಹಿಮ್ಮುಖವಾಗಿ ಉಕ್ಕಿ, ಸದ್ದಿಲ್ಲದೆ
ಕ್ಯಾರವಾನುಗಳ ಅಡಿ ಸೇರಿತು.
ಯಾರೂ ಸಾಯಲಿಲ್ಲ.
ಯೂಸ್ಟೇಸ್ ಪ್ಯೂ ಎಂಬ ಮುದುಕ
ನಾಯಿಯನ್ನು ಮೇಜಿನ ಮೇಲೆ ಹತ್ತಿಸಿ
ಪಕ್ಕದಲ್ಲಿ ತಾನೂ ಹತ್ತಿ ಬೆಳಗಿನವರೆಗೆ ಕೂತ.
ಅಕಾರ್ಡಿಯನ್ ಕೆಳಗೆ ತೇಲುತ್ತಿತ್ತು.

ಆಮೇಲಿನ ಫಾರ್ಮಿನಲ್ಲಿ ಎರಡು ಚೌಕ:
ನಿರ್ಧಾರ ಸರಿಯೇ? ಹೌದು. ಇಲ್ಲ.
ಏನಾಯಿತು ಅಂತ ನೋಡಬೇಡಿ,
ಹನ್ನೊಂದು ನಲವತ್ತಕ್ಕೆ ಏನು ಗೊತ್ತಿತ್ತು, ಅದನ್ನು ನೋಡಿ,
ಅಂದಳು ಶಗುಫ್ತಾ. ನಿಜವೇ.
ಹೊಸಬರಿಗೆ ನಾನೂ ಹೇಳಿಕೊಡುವುದು ಅದನ್ನೇ:
ದಾಳ ಬಿದ್ದ ಮೇಲೆ ಕೈಯನ್ನು ಬೈಯಬಾರದು.
ಹೌದು ಅಂತ ಗುರುತು ಹಾಕಿದೆವು.
ಕೈ ಸ್ವಲ್ಪ ಅಲುಗಿದ್ದು ಫಾರ್ಮಿಗೆ ತಿಳಿಯದು.

ಸಂಜೆ ಕಾರು ನಿಲ್ಲಿಸುವ ಜಾಗದಲ್ಲಿ
ಗ್ಲೆನಿಸ್‌ಗೆ ಹೇಳಿಬಿಟ್ಟೆ,
ಐವತ್ತೈದು, ಐದು, ಎಲ್ಲ.
ಕೀಲಿ ತಿರುಗಿಸುತ್ತಿದ್ದವಳು ನಿಲ್ಲಿಸಿದಳು.
‘ನನ್ನದೂ ಮೊದಲು ಐವತ್ತಾಗಿರಲಿಲ್ಲ’ ಅಂದಳು.
ಎಷ್ಟಿತ್ತು ಅಂತ ನಾನು ಕೇಳಲಿಲ್ಲ.
ವೈಪರು ಒಣಗಿದ ಗಾಜಿನ ಮೇಲೆ
ಒಮ್ಮೆ ಆ ಕಡೆ ಕಿರುಗುಟ್ಟಿ
ವಾಪಸು ಬಂತು.