ಜಪ್ಪು

ಗದಗದ ಹುಡುಗಿ ಶಾಹಿನಾ, ಪಿಎಚ್‌ಡಿಗೆ ಬಂದವಳು.
ಗುರುವಾರ, ದೇರಳಕಟ್ಟೆ ಆಸ್ಪತ್ರೆ, ಹನ್ನೊಂದನೇ ಕೋಣೆ.
ದನಿ ಎಷ್ಟು ಜೋರು,
ಸೊನ್ನೆಯಿಂದ ನಾಲ್ಕರೊಳಗೆ ಹೇಳಿ, ಎನ್ನುತ್ತಾಳೆ.

ಇಪ್ಪತ್ತೆರಡು ವರ್ಷ ಉಡುಪಿ ಎಕ್ಸ್‌ಪ್ರೆಸ್ಸಿನ ಕಂಡಕ್ಟರ್ ನಾನು.
ಸೀಟಿಗಿಂತ ಕಡಿಮೆ, ನಿಮ್ಮ ಪ್ರಶ್ನೆಗಿಂತ ಹೆಚ್ಚು, ಅಂದೆ.
ಮೂರು ಎಂದು ಬರೆದುಕೊಂಡಳು.

ಏನು ಹೇಳುತ್ತದೆ?
ಜಪ್ಪು, ಜಪ್ಪು.
ಓ, ಮಂಗಳಾದೇವಿ ಹತ್ತಿರದ ಜಪ್ಪುವಾ?

ನಕ್ಕುಬಿಟ್ಟೆ. ಎಷ್ಟು ತಿಂಗಳಾಗಿತ್ತೋ.
ತುಳುವಿನಲ್ಲಿ ಇದು ಊರಲ್ಲ ಮಗಳೇ,
ಇಳಿ ಅಂತ.
ಮೂಲ್ಕಿ ಸೇತುವೆಯ ನಡುವೆ,
ಸ್ಟಾಪೇ ಇಲ್ಲದಲ್ಲಿ,
ಇಳಿ ಅಂತ.

ಪೆನ್ನು ನಿಂತಿತು.
ನಮೂನೆಯಲ್ಲಿ ಅದಕ್ಕೊಂದು ಚೌಕವಿರಲಿಲ್ಲ.
ಅಂಚಿನಲ್ಲಿ ಸಣ್ಣಗೆ ಬರೆದಳು, ಕನ್ನಡದಲ್ಲೇ.

ಅವಳ ಸ್ಕಾಲರ್‌ಶಿಪ್ಪು ಐದು ತಿಂಗಳಿಂದ ಬಂದಿಲ್ಲವಂತೆ,
ನರ್ಸ್ ಬೆನೆಡಿಕ್ಟಾ ಹೇಳಿದ್ದು.
ಮಧ್ಯಾಹ್ನಕ್ಕೆ ಎರಡು ಬನ್ಸ್, ಅಷ್ಟೇ.
ನಾನೇನು ಕೊಡಲಿ?
ಮಾತ್ರೆಗೆ ನಡುಗುವ ಬೆರಳಲ್ಲೇ
ಹಳೇ ಟಿಕೆಟ್ ಪುಸ್ತಕದ ಬೆನ್ನಿಗೆ ಬರೆಯತೊಡಗಿದೆ,
ದನಿ ಹತ್ತಿದ ಹೊತ್ತು, ಇಳಿದ ಹೊತ್ತು.
ಬೆಳಿಗ್ಗೆ ಆರೂ ಹತ್ತು: ಪಡುಬಿದ್ರಿಯಷ್ಟು ದೂರ.
ರಾತ್ರಿ: ಕಿವಿಯ ಫುಟ್‌ಬೋರ್ಡಿನಲ್ಲೇ.

ಹೋದ ಗುರುವಾರ ಕೊಟ್ಟೆ. ನಲವತ್ತು ಹಾಳೆ.
ಒಂದೊಂದೇ ತಿರುವಿ, ನೀರು ಕುಡಿದು,
ಇಳಿಯಬೇಡ ಅನ್ನಲು ಏನನ್ನಬೇಕು, ಕೇಳಿದಳು.
ಜಪ್ಪಡ, ಅಂದೆ.
ಜಪ್ಪಡ, ಅಂದಳು, ಗದಗದ ಎಳೆತದಲ್ಲಿ.

ನಿನ್ನೆ ಸೇತುವೆ ದಾಟುವಾಗ
ಅದೂ ಕೇಳಿಸಿತು, ಅದೇ ಎಳೆತ.
ಇದನ್ನೂ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ,
ಈ ವಾರ ಕೇಳಬೇಕು.