ಅರ್ತು

ಬ್ರೇಕು ತುಳಿದರೆ ಹಾರನ್ನು ಊಳಿಡುತ್ತದೆ.
ಎಡಕ್ಕೆ ಇಂಡಿಕೇಟರ್ ಹಾಕಿದರೆ
ವೈಪರ್ ಎದ್ದು, ಅರ್ಧಕ್ಕೇ ನಿಂತು ಯೋಚಿಸುತ್ತದೆ.
ಪುನರ್ವಸು ಹಿಡಿದಾಗಿನಿಂದ
ಬನ್ನು ಹಂಚುವ ನನ್ನ ಓಮ್ನಿಗೆ ದೆವ್ವ.

ರಿಪ್ಪನ್‌ಪೇಟೆಯ ಜಬಿವುಲ್ಲಾ ಫ್ಯೂಸು ನೋಡಲಿಲ್ಲ,
ಬಲ್ಬು ನೋಡಲಿಲ್ಲ. ಕಾಲಡಿಯ ಮ್ಯಾಟು ಎತ್ತಿ
ಹಿಂಡಿದ. ಒಂದು ಚೊಂಬು ನೀರು.
ಬಾಯಲ್ಲಿ ಬೀಡಿ, ಕೈಯಲ್ಲಿ ಸೂಜಿಮೊನೆಯ ಟೆಸ್ಟ್ ಲ್ಯಾಂಪು,
ವೈರಿನ ನಾಡಿ ಹಿಡಿಯುತ್ತ ಹೋದ:
ಇಲ್ಲಿ ಉರಿ, ಇಲ್ಲೂ ಉರಿ, ಇಲ್ಲಿ
ಮಿಣಮಿಣ.
"ಕರೆಂಟು ಬರ್ತದೆ ಅಣ್ಣಾ, ವಾಪಸ್ ಹೋಗಕ್ಕೆ ದಾರಿಯಿಲ್ಲ.
ಅರ್ತೇ ಇಲ್ಲ ಇದಕ್ಕೆ."
ಅರ್ಥವೇ ಇಲ್ಲ ಎಂದು ಕೇಳಿಸಿತು;
ಹೌದೆನ್ನಿಸಿತು.

ಸೀಟಿನಡಿ ಒಂದು ಬೋಲ್ಟು. ಅದರ ಸುತ್ತ
ಹಸಿರು ಕಿಲುಬು, ಮರೆತಿಟ್ಟ ತಂಬಿಗೆಯ ಬಣ್ಣ.
ಹುಣಸೆಹಣ್ಣು ತರಲಾ ಅಂದೆ. ನಗಲಿಲ್ಲ.
ತಗಡು ಹೊಳೆಯುವ ತನಕ ಉಪ್ಪುಕಾಗದದಲ್ಲಿ ತಿಕ್ಕಿದ,
ಬಿಗಿದ, ಬೆರಳಲ್ಲೇ ಗ್ರೀಸು ಸವರಿದ.
ಎಂಬತ್ತು ರೂಪಾಯಿ.

ಮಾರನೆಯ ಬೆಳಗ್ಗೆ ಬ್ರೇಕು ತುಳಿದರೆ
ಬ್ರೇಕು ಮಾತ್ರ.
ಹೆದ್ದಾರಿಪುರದ ಟೀ ಅಂಗಡಿ ಗುಲಾಬಕ್ಕ
ಬಾಗಿಲೇ ತೆಗೆದಿರಲಿಲ್ಲ.
ತಟ್ಟಿದೆ, ಮತ್ತೆ ತಟ್ಟಿದೆ.
"ನಿನ್ ಗಾಡಿ ಕೂಗ್ಲೇ ಇಲ್ವಲ್ಲೋ," ಅಂದಳು ಕಣ್ಣುಜ್ಜುತ್ತ,
"ಇವತ್ತು ಬನ್ನಿಲ್ಲ ಅಂತ
ಮಗ್ಗುಲು ತಿರುಗಿ ಮಲಗಿದ್ದೆ."